ಅಕ್ಕನ ಮಗನ ಕೈಯಲ್ಲಿ ಪದವಿ ಇದೆ, ಕಾಗದಪತ್ರ ಇಲ್ಲ: ಅಮೆರಿಕದಲ್ಲಿ ಕೆಲಸದ ವೀಸಾಕ್ಕೆ ದಾರಿ ಇದೆಯೇ?

ಹೇಮಾವತಿ ತೀರ, ಡಲ್ಲಾಸ್

ಎಲ್ಲರಿಗೂ ನಮಸ್ಕಾರ. ಈ ಪ್ರಶ್ನೆ ಬರೆಯಲು ನನಗೆ ಮೂರು ವಾರ ಹಿಡಿಯಿತು. ಯುಗಾದಿ, ರಾಜ್ಯೋತ್ಸವದ ಊಟದ ಪಂಕ್ತಿಯಲ್ಲಿ ನಾವು ಎಚ್-1ಬಿ ಎಂಬ ಪರಿಣತರ ಕೆಲಸದ ವೀಸಾದ ಲಾಟರಿಯ ಬಗ್ಗೆ, ಗ್ರೀನ್ ಕಾರ್ಡ್ ಸರದಿಯ ಬಗ್ಗೆ ಗಂಟೆಗಟ್ಟಲೆ ಮಾತನಾಡುತ್ತೇವೆ. ಕಾಗದಪತ್ರವೇ ಇಲ್ಲದ ನಮ್ಮವರ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ಇಷ್ಟು ವರ್ಷ ನಾನೂ ಬಿಟ್ಟಿರಲಿಲ್ಲ.

ನನ್ನ ಅಕ್ಕನ ಮಗ 2006ರ ಡಿಸೆಂಬರ್‌ನಲ್ಲಿ ಅಪ್ಪ ಅಮ್ಮನ ಜೊತೆ ಪ್ರವಾಸಿ ವೀಸಾದಲ್ಲಿ ಬಂದಾಗ ಅವನಿಗೆ ಆರು ವರ್ಷ. ಹಾಸನದಲ್ಲಿ ಭಾವನ ವ್ಯಾಪಾರ ಮುಳುಗಿತ್ತು, ಸಾಲ ಕೊಟ್ಟವರು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಆರು ತಿಂಗಳ ಅವಧಿ ಮುಗಿದ ಮೇಲೂ ಅವರು ಹಿಂದಿರುಗಲಿಲ್ಲ. ಅದನ್ನು ಸರಿ ಎಂದು ನಾನು ಹೇಳುವುದಿಲ್ಲ. ಹುಡುಗನಿಗೆ 2016ರಲ್ಲಿ ಡಾಕಾ ರಕ್ಷಣೆ ಸಿಕ್ಕಿತು, ಅಂದರೆ ಬಾಲ್ಯದಲ್ಲಿ ಬಂದವರ ಗಡೀಪಾರನ್ನು ಮುಂದೂಡಿ ಕೆಲಸದ ಪರವಾನಗಿ ಕೊಡುವ ಯೋಜನೆ. 2022ರಲ್ಲಿ ಸಿವಿಲ್ ಎಂಜಿನಿಯರಿಂಗ್ ಪದವಿ ಮುಗಿಸಿ, ಸೇತುವೆಗಳ ವಿನ್ಯಾಸ ಮಾಡುವ ಸಣ್ಣ ಸಂಸ್ಥೆಯೊಂದರಲ್ಲಿ ಕೆಲಸ ಮಾಡುತ್ತಿದ್ದಾನೆ. ಎರಡು ವರ್ಷಕ್ಕೊಮ್ಮೆ ನವೀಕರಿಸುವ ಆ ಕೆಲಸದ ಪರವಾನಗಿಯ ಮೇಲೆಯೇ ಇಡೀ ಮನೆ ನಿಂತಿದೆ.

ಅದೇ ಮನೆಯಲ್ಲಿ ಬೆಳೆದ ಇನ್ನೊಬ್ಬಳು, ಭಾವನ ತಂಗಿಯ ಮಗಳು. ಅವಳು ಬಂದದ್ದು 2010ರಲ್ಲಿ, ಎಂಟು ವರ್ಷದವಳಾಗಿದ್ದಾಗ, ಅವಳೂ ಪ್ರವಾಸಿ ವೀಸಾದಲ್ಲಿಯೇ. ಡಾಕಾಕ್ಕೆ 2007ರ ಜೂನ್ 15ಕ್ಕೆ ಮೊದಲು ಬಂದಿರಬೇಕಿತ್ತು, ಹಾಗಾಗಿ ಅವಳಿಗೆ ಏನೂ ಸಿಗಲಿಲ್ಲ. 2024ರಲ್ಲಿ ಅಕೌಂಟಿಂಗ್ ಪದವಿ ಪಡೆದಳು, ತರಗತಿಯಲ್ಲಿ ಮೊದಲ ಹತ್ತರೊಳಗೆ ಇದ್ದಳು. ಈಗ ಕೆಲಸಕ್ಕೆ ಸೇರುವಂತಿಲ್ಲ, ಮನೆಯಲ್ಲಿ ಕುಳಿತಿದ್ದಾಳೆ. ಪದವಿ ಪ್ರದಾನದ ಫೋಟೊ ಗೋಡೆಯ ಮೇಲಿತ್ತು. ಅವಳೇ ಅದನ್ನು ತೆಗೆದು ಬೀರುವಿನೊಳಗೆ ಇಟ್ಟಳು.

2025ರ ಜನವರಿಯಲ್ಲಿ ಐದನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಕೊಟ್ಟ ತೀರ್ಪಿನಿಂದ ಟೆಕ್ಸಾಸ್‌ನಲ್ಲಿ ಡಾಕಾದವರ ಕೆಲಸದ ಪರವಾನಗಿ ಹೋಗಬಹುದು, ಗಡೀಪಾರಿನಿಂದ ರಕ್ಷಣೆ ಮಾತ್ರ ಉಳಿಯಬಹುದು ಎನ್ನುತ್ತಾರೆ. ಅದಕ್ಕೆ ಮೊದಲು ಏನಾದರೂ ಮಾಡಬೇಕು. ಕಾಲೇಜು ಪದವಿ ಇದ್ದವರಿಗೆ, ಒಳಗೆ ಬರಲು ಇರುವ ನಿಷೇಧವನ್ನು ಬದಿಗಿಡುವ ಡಿ-3 ಎಂಬ ವಿನಾಯಿತಿಯ ಜೊತೆ ಎಚ್-1ಬಿ ಸಿಗುತ್ತದೆ ಎಂದು 2024ರಲ್ಲಿ ಕೇಳಿದ್ದೆ. ತಿಳಿದವರು ದಯವಿಟ್ಟು ಹೇಳಿ.

ಹಾಸನದವನು, ಹ್ಯೂಸ್ಟನ್

ಅಕ್ಕ, ಮೊದಲು ಒಂದು ವಿನಂತಿ. ಮಕ್ಕಳ ಹೆಸರು, ಕಾಲೇಜು, ಕೆಲಸದ ಸ್ಥಳ, ಯಾವುದನ್ನೂ ಇಲ್ಲಿ ಬರೆಯಬೇಡಿ. ಈಗಿನ ದಿನಗಳು ಹಾಗಿವೆ. 2025ರ ಫೆಬ್ರುವರಿಯಲ್ಲಿ ಗಡೀಪಾರಾದ ಭಾರತೀಯರನ್ನು ಹೊತ್ತು ಅಮೃತಸರಕ್ಕೆ ಬಂದಿಳಿದ ಸೇನಾ ವಿಮಾನವನ್ನು ನಾವೆಲ್ಲ ನೋಡಿದ್ದೇವೆ.

ಮಲ್ಲಿಗೆ ಬಳ್ಳಿ, ನ್ಯೂಜೆರ್ಸಿ

ಹೇಮಾವತಿಯವರೇ, ನಾನು ವಲಸೆ ವಕೀಲರೊಬ್ಬರ ಕಚೇರಿಯಲ್ಲಿ ಹನ್ನೊಂದು ವರ್ಷದಿಂದ ಕಡತಗಳನ್ನು ಸಿದ್ಧಪಡಿಸುತ್ತಿದ್ದೇನೆ. ನಾನು ವಕೀಲೆಯಲ್ಲ. ಇದನ್ನು ಓದಿದ ಮೇಲೆ ನೀವು ವಕೀಲರ ಬಳಿ ಹೋಗಲೇಬೇಕು. ಆದರೆ ಹೋಗುವ ಮೊದಲು ಒಂದು ಲೆಕ್ಕ ಮಾಡಿಟ್ಟುಕೊಳ್ಳಿ, ಏಕೆಂದರೆ ಈ ಇಬ್ಬರು ಮಕ್ಕಳ ಭವಿಷ್ಯ ಆ ಲೆಕ್ಕದ ಮೇಲೆ ನಿಂತಿದೆ.

1996ರ ಕಾನೂನಿನ ಪ್ರಕಾರ ಅನುಮತಿಯಿಲ್ಲದೆ 180 ದಿನಕ್ಕಿಂತ ಹೆಚ್ಚು ಇದ್ದು ದೇಶ ಬಿಟ್ಟು ಹೋದರೆ ಮೂರು ವರ್ಷ ಒಳಗೆ ಬರುವಂತಿಲ್ಲ. ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಇದ್ದು ಹೋದರೆ ಹತ್ತು ವರ್ಷ. ಈ ಶಿಕ್ಷೆ ಒಳಗೆ ಇರುವವರೆಗೆ ಅಂಟುವುದಿಲ್ಲ, ಗಡಿ ದಾಟಿದ ಕ್ಷಣ ಅಂಟುತ್ತದೆ. ಬಹಳ ಜನ ಇಲ್ಲಿಯೇ ಎಡವುತ್ತಾರೆ. "ಊರಿಗೆ ಹೋಗಿ ಸರಿಯಾದ ವೀಸಾದಲ್ಲಿ ಬಂದುಬಿಡೋಣ" ಎಂದು ಪ್ರಾಮಾಣಿಕವಾಗಿಯೇ ಹೊರಡುತ್ತಾರೆ, ಹೊರಟದ್ದೇ ಬಾಗಿಲು ಮುಚ್ಚಲು ಕಾರಣವಾಗುತ್ತದೆ.

ಈಗ ಮುಖ್ಯ ವಿಷಯ. ಹದಿನೆಂಟು ವರ್ಷ ತುಂಬುವವರೆಗಿನ ದಿನಗಳನ್ನು ಈ ಲೆಕ್ಕಕ್ಕೆ ಹಿಡಿಯುವುದಿಲ್ಲ. ಡಾಕಾ ಜಾರಿಯಲ್ಲಿದ್ದ ದಿನಗಳನ್ನೂ ಹಿಡಿಯುವುದಿಲ್ಲ. ನಿಮ್ಮ ಅಕ್ಕನ ಮಗನಿಗೆ ಡಾಕಾ ಸಿಕ್ಕಾಗ ಹದಿನಾರು. ಅಂದರೆ ಹದಿನೆಂಟು ತುಂಬಿದ ದಿನದಿಂದ ಇಂದಿನವರೆಗೆ ಡಾಕಾ ಎಲ್ಲಿಯೂ ತುಂಡಾಗದೆ ಇದ್ದಿದ್ದರೆ ಅವನ ಲೆಕ್ಕ ಸೊನ್ನೆ. ಹತ್ತೊಂಬತ್ತು ವರ್ಷ ಕಾಗದವಿಲ್ಲದೆ ಬದುಕಿದವನ ಮೇಲೆ ಆ ಹತ್ತು ವರ್ಷದ ನಿಷೇಧವೇ ಇರುವುದಿಲ್ಲ! ಆಗ ಆ ಕಾರಣಕ್ಕಾಗಿ ಡಿ-3 ವಿನಾಯಿತಿ ಕೇಳುವ ಅಗತ್ಯವೂ ಬರುವುದಿಲ್ಲ.

ಎಲ್ಲ ಡಾಕಾ ಅನುಮೋದನೆ ಪತ್ರಗಳನ್ನು ಹೊರತೆಗೆಯಿರಿ. ಪ್ರತಿಯೊಂದರ ಆರಂಭ ಮತ್ತು ಮುಕ್ತಾಯದ ದಿನಾಂಕ ಬರೆದುಕೊಳ್ಳಿ. ಒಂದಕ್ಕೂ ಇನ್ನೊಂದಕ್ಕೂ ನಡುವೆ ಬಿರುಕು ಇದೆಯೇ ನೋಡಿ. 2020-21ರಲ್ಲಿ ನವೀಕರಣ ತಡವಾಗಿ ಎಷ್ಟೋ ಮಕ್ಕಳಿಗೆ ಬಿರುಕು ಬಿದ್ದಿತ್ತು.

ಹುಡುಗಿಯ ಲೆಕ್ಕ ಬೇರೆ. ಅದನ್ನು ಆಮೇಲೆ ಬರೆಯುತ್ತೇನೆ, ಈಗ ಕೆಲಸಕ್ಕೆ ಹೊರಡಬೇಕು.

ಬಯಲುಸೀಮೆ, ಅಟ್ಲಾಂಟಾ

ನನ್ನ ಮಾತು ಕಠಿಣವಾಗಿ ಕೇಳಿಸಬಹುದು, ಆದರೂ ಹೇಳುತ್ತೇನೆ. ನಾನು 2012ರಿಂದ ಎಚ್-1ಬಿಯಲ್ಲಿದ್ದೇನೆ. ಒಂದು ದಿನವೂ ನಿಯಮ ಮೀರಿಲ್ಲ. ತಂದೆ ತೀರಿಕೊಂಡಾಗ ಪಾಸ್‌ಪೋರ್ಟ್‌ನಲ್ಲಿ ವೀಸಾ ಮುದ್ರೆ ಇರಲಿಲ್ಲ ಎಂದು ಊರಿಗೆ ಹೋಗಲಿಲ್ಲ. ಯಾವ ದೇಶದಲ್ಲಿ ಹುಟ್ಟಿದವರಿಗೂ ಶೇಕಡ 7ಕ್ಕಿಂತ ಹೆಚ್ಚು ಗ್ರೀನ್ ಕಾರ್ಡ್ ಇಲ್ಲ ಎಂಬ ಮಿತಿಯಿಂದಾಗಿ ನನ್ನ ಸರದಿ ಇನ್ನೂ ಬಂದಿಲ್ಲ. ಅವಧಿ ಮೀರಿ ಉಳಿದವರಿಗೆ ವಿನಾಯಿತಿ, ಸಾಲಿನಲ್ಲಿ ನಿಂತವರಿಗೆ ಕಾಯುವಿಕೆ, ಇದು ಯಾವ ನ್ಯಾಯ?

ಹೇಮಾವತಿ ತೀರ, ಡಲ್ಲಾಸ್

ಬಯಲುಸೀಮೆಯವರೇ, ನಿಮ್ಮ ತಂದೆಯ ವಿಷಯ ಓದಿ ಮನಸ್ಸು ಭಾರವಾಯಿತು. ನಿಮ್ಮ ಸಿಟ್ಟು ಸುಳ್ಳಲ್ಲ. ನನ್ನ ಅಕ್ಕ, ಭಾವನ ಮೇಲೆ ನೀವು ಸಿಟ್ಟಾದರೆ ನಾನು ಅಡ್ಡ ಬರುವುದಿಲ್ಲ, ನನಗೂ ಅವರ ಮೇಲೆ ಆ ಸಿಟ್ಟು ಇದೆ. ಆದರೆ ಆರು ವರ್ಷದ ಹುಡುಗ ವಿಮಾನದಲ್ಲಿ ಕಿಟಕಿ ಪಕ್ಕ ಕುಳಿತು ಬಂದ. ಅವನು ಯಾವ ಸಾಲನ್ನೂ ದಾಟಲಿಲ್ಲ, ಅವನಿಗೆ ಸಾಲು ಕಾಣಿಸಿಯೂ ಇರಲಿಲ್ಲ. ಅವನು ನಿಮ್ಮ ಜಾಗವನ್ನು ಕೇಳುತ್ತಲೂ ಇಲ್ಲ. ಎಚ್-1ಬಿ ಸಿಕ್ಕರೂ ಗ್ರೀನ್ ಕಾರ್ಡಿಗೆ ಅವನು ನಿಮ್ಮ ಹಿಂದೆಯೇ, ಬಹಳ ಹಿಂದೆ, ನಿಲ್ಲಬೇಕು.

ಕೆಂಪುಮಣ್ಣು, ಫೀನಿಕ್ಸ್

ನಾನು ಒಂದು ಎಂಜಿನಿಯರಿಂಗ್ ಸಂಸ್ಥೆಯ ಮಾನವ ಸಂಪನ್ಮೂಲ ವಿಭಾಗದಲ್ಲಿದ್ದೇನೆ. ಡಿ-3 ದಾರಿಯನ್ನು ಒಮ್ಮೆ ಹತ್ತಿರದಿಂದ ಕಂಡಿದ್ದೇನೆ, ಅದನ್ನೇ ಬರೆಯುತ್ತೇನೆ.

ಇದು ಹೊಸ ಕಾನೂನಲ್ಲ. ವಲಸೆ ಕಾನೂನಿನ 212ನೇ ಕಲಮಿನಲ್ಲಿ ದಶಕಗಳಿಂದ ಇರುವ ಅವಕಾಶ. ತಾತ್ಕಾಲಿಕ ವೀಸಾ ಕೇಳುವವರ ಮೇಲೆ ನಿಷೇಧವಿದ್ದರೂ ಸರ್ಕಾರ ಮನಸ್ಸು ಮಾಡಿದರೆ ಅದನ್ನು ಬದಿಗಿಟ್ಟು ಒಳಗೆ ಬಿಡಬಹುದು. 2024ರ ಜೂನ್ 18ರಂದು ಬೈಡನ್ ಸರ್ಕಾರ ಘೋಷಿಸಿದ್ದು ಇಷ್ಟೇ: ಅಮೆರಿಕದ ಕಾಲೇಜಿನಲ್ಲಿ ಪದವಿ ಪಡೆದು, ಆ ಓದಿಗೆ ಸಂಬಂಧಿಸಿದ ಕೆಲಸದ ಕರೆ ಕೈಯಲ್ಲಿರುವವರಿಗೆ ಈ ವಿನಾಯಿತಿಯನ್ನು ಬೇಗ ಶಿಫಾರಸು ಮಾಡುವುದನ್ನು ಕಾನ್ಸುಲೇಟ್ ಅಧಿಕಾರಿಗಳು ಪರಿಗಣಿಸಬೇಕು. ಮುಂದಿನ ತಿಂಗಳು ವಿದೇಶಾಂಗ ಇಲಾಖೆ ತನ್ನ ಕೈಪಿಡಿಯನ್ನು ತಿದ್ದಿತು. ಹಕ್ಕು ಎಂದು ಯಾರಿಗೂ ಕೊಡಲಿಲ್ಲ, ಅಧಿಕಾರಿಯ ವಿವೇಚನೆ ಎಂಬುದು ಹಾಗೆಯೇ ಉಳಿಯಿತು.

ನಮ್ಮಲ್ಲಿ ಮೆಕ್ಸಿಕೊ ಮೂಲದ ಒಬ್ಬ ವಿದ್ಯುತ್ ಎಂಜಿನಿಯರ್ ಇದ್ದರು, ಡಾಕಾದವರು, ಆದರೆ ಡಾಕಾ ಸಿಗುವ ಮೊದಲೇ ಹದಿನೆಂಟು ದಾಟಿ ಒಂದು ವರ್ಷಕ್ಕಿಂತ ಹೆಚ್ಚು ಕಳೆದಿತ್ತು. ಲಾಟರಿಯಲ್ಲಿ ಅವರ ಹೆಸರು ಬಂತು. ಸಂಸ್ಥೆ ಅರ್ಜಿ ಹಾಕಿತು. ಒಳಗಿದ್ದುಕೊಂಡೇ ಸ್ಥಾನಮಾನ ಬದಲಿಸಿಕೊಳ್ಳಲು ಅವರಿಗೆ ಬರುವುದಿಲ್ಲ, ಏಕೆಂದರೆ ಡಾಕಾ ಎಂಬುದು ಗಡೀಪಾರು ಮುಂದೂಡಿಕೆ ಮಾತ್ರ, ಕಾನೂನಿನ ಕಣ್ಣಿನಲ್ಲಿ ಸ್ಥಾನಮಾನ ಅಲ್ಲ. ಹಾಗಾಗಿ ದೇಶ ಬಿಟ್ಟು ಹೊರಗಿನ ಕಾನ್ಸುಲೇಟ್‌ನಲ್ಲಿ ಸಂದರ್ಶನಕ್ಕೆ ಹೋಗಬೇಕಾಯಿತು. ಅಲ್ಲಿ ಅಧಿಕಾರಿ ಮೊದಲು "ನೀವು ಅನರ್ಹರು" ಎಂದು ಬರೆದುಕೊಂಡರು, ಆಮೇಲೆ ವಿನಾಯಿತಿಗೆ ಶಿಫಾರಸು ಮಾಡಿ ಸುಂಕ ಮತ್ತು ಗಡಿ ರಕ್ಷಣಾ ಇಲಾಖೆಯ ಕಚೇರಿಗೆ ಕಳುಹಿಸಿದರು. ಕೊನೆಯ ತೀರ್ಮಾನ ಆ ಕಚೇರಿಯದು. ಆ ವಾರಗಳಲ್ಲಿ ಅವರ ಹೆಂಡತಿ ಪ್ರತಿ ಸೋಮವಾರ ನನಗೆ ಫೋನ್ ಮಾಡುತ್ತಿದ್ದರು. ಹೇಳಲು ನನ್ನ ಬಳಿ ಏನೂ ಇರುತ್ತಿರಲಿಲ್ಲ. ಅವರು ಹಿಂದಿರುಗಿ ಬಂದ ದಿನ ನಮ್ಮ ಕಚೇರಿಯಲ್ಲಿ ಎರಡು ಗಂಟೆ ಯಾರೂ ಕೆಲಸ ಮಾಡಲಿಲ್ಲ.

ಇದು 2025ರ ವಸಂತದ ಮಾತು. ಆಮೇಲೆ ಪರಿಸ್ಥಿತಿ ಬದಲಾಗಿದೆ.

ಮಲ್ಲಿಗೆ ಬಳ್ಳಿ, ನ್ಯೂಜೆರ್ಸಿ

ಕೆಂಪುಮಣ್ಣು ಅವರು ನಿಲ್ಲಿಸಿದ ಜಾಗದಿಂದ ಮುಂದುವರಿಸುತ್ತೇನೆ.

2025ರ ಸೆಪ್ಟೆಂಬರ್ 21ರಿಂದ ಹೊಸ ಎಚ್-1ಬಿ ಅರ್ಜಿಯ ಮೇಲೆ 1 ಲಕ್ಷ ಡಾಲರ್ ಶುಲ್ಕ ಬಂದಿದೆ. ಅಧ್ಯಕ್ಷರ ಆದೇಶ ಸದ್ಯಕ್ಕೆ ಒಂದು ವರ್ಷದ್ದು. ಅಕ್ಟೋಬರ್‌ನಲ್ಲಿ ವಲಸೆ ಇಲಾಖೆ ಕೊಟ್ಟ ವಿವರಣೆಯ ಪ್ರಕಾರ, ಇಲ್ಲಿಯೇ ಸಕ್ರಮವಾಗಿದ್ದು ವಿದ್ಯಾರ್ಥಿ ವೀಸಾದಿಂದ ಎಚ್-1ಬಿಗೆ ಬದಲಾಗುವವರಿಗೆ ಅದು ತಗಲುವುದಿಲ್ಲ. ಹೊರಗೆ ಹೋಗಿ ವೀಸಾ ಪಡೆದು ಬರಬೇಕಾದವರಿಗೆ ತಗಲುತ್ತದೆ. ನಮ್ಮ ಮಕ್ಕಳು ಇರುವುದು ಸರಿಯಾಗಿ ಆ ಎರಡನೆಯ ಗುಂಪಿನಲ್ಲಿ. ಡಾಕಾದವರನ್ನು ಗುರಿಯಿಟ್ಟು ಬರೆದ ಆದೇಶವಲ್ಲ, ಆದರೆ ಏಟು ಬಿದ್ದದ್ದು ಅವರ ಮೇಲೂ. ಸೇತುವೆ ವಿನ್ಯಾಸದ ಸಣ್ಣ ಸಂಸ್ಥೆ ಹೊಸ ಎಂಜಿನಿಯರ್‌ಗಾಗಿ 1 ಲಕ್ಷ ಡಾಲರ್ ಎಲ್ಲಿಂದ ತರಬೇಕು? ವಿಶ್ವವಿದ್ಯಾಲಯಗಳಿಗೆ ಲಾಟರಿಯಿಂದ ವಿನಾಯಿತಿ ಇದೆ, ವರ್ಷದ ಯಾವ ತಿಂಗಳಲ್ಲಾದರೂ ಅರ್ಜಿ ಹಾಕಬಹುದು, ಆದರೆ ಈ ಶುಲ್ಕದಿಂದ ಅವುಗಳಿಗೂ ವಿನಾಯಿತಿ ಇಲ್ಲ.

ಬೇರೆ ವೀಸಾಗಳಿಗೆ ಈ ಶುಲ್ಕ ಇಲ್ಲ. ಮೆಕ್ಸಿಕೊ, ಕೆನಡಾ ಪೌರರಿಗೆ ಟಿಎನ್ ಎಂಬ ವೃತ್ತಿಪರರ ಕೆಲಸದ ವೀಸಾ ಇದೆ. ಅದಕ್ಕೆ ಲಾಟರಿಯೂ ಇಲ್ಲ. ಡಾಕಾದವರಲ್ಲಿ ಹೆಚ್ಚಿನವರು ಮೆಕ್ಸಿಕೊದವರಾದ್ದರಿಂದ ವಕೀಲರು ಈಗ ಅತ್ತ ನೋಡುತ್ತಿದ್ದಾರೆ. ಭಾರತದಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಅದು ಇಲ್ಲ. ಒ-1 ಇದೆ, ಆದರೆ ಅದು ತನ್ನ ಕ್ಷೇತ್ರದಲ್ಲಿ ಅಸಾಧಾರಣ ಎನಿಸಿಕೊಂಡವರಿಗೆ, ಮೂರು ವರ್ಷದ ಅನುಭವದ ಎಂಜಿನಿಯರ್ ಅದನ್ನು ಸಾಧಿಸುವುದು ಬಹಳ ಕಷ್ಟ. ವಿದ್ಯಾರ್ಥಿ ವೀಸಾ ಕೇಳಿದರೆ "ಓದು ಮುಗಿಸಿ ಊರಿಗೆ ಮರಳುತ್ತೇನೆ" ಎಂದು ಅಧಿಕಾರಿಯನ್ನು ಒಪ್ಪಿಸಬೇಕು. ಹತ್ತೊಂಬತ್ತು ವರ್ಷ ಇಲ್ಲಿ ಬೆಳೆದವನು ಏನೆಂದು ಒಪ್ಪಿಸಬೇಕು? ಎಚ್-1ಬಿಗೆ ಆ ಷರತ್ತು ಇಲ್ಲ. ಎಲ್ಲರೂ ಅದರ ಹಿಂದೆಯೇ ಬೀಳುವುದು ಅದಕ್ಕೇ.

ಇನ್ನೊಂದು ವಿಷಯ. ಪ್ರವಾಸಿ ವೀಸಾದ ಅವಧಿ ಮೀರಿದವರು ಸಾಮಾನ್ಯವಾಗಿ ತಮ್ಮ ಪೌರತ್ವದ ದೇಶದಲ್ಲಿಯೇ ಹೊಸ ವೀಸಾ ಕೇಳಬೇಕು. ಪಕ್ಕದ ಮೆಕ್ಸಿಕೊಗೆ ಹೋಗಿ ಬರುತ್ತೇನೆ ಎಂದರೆ ಆಗುವುದಿಲ್ಲ. ನಿಮ್ಮ ಹುಡುಗನಿಗೆ ಚೆನ್ನೈ ಅಥವಾ ಹೈದರಾಬಾದ್. ಬೆಂಗಳೂರಿನ ಕಾನ್ಸುಲೇಟ್ 2025ರ ಜನವರಿಯಲ್ಲಿ ಉದ್ಘಾಟನೆಯಾಯಿತಾದರೂ ವೀಸಾ ಸಂದರ್ಶನ ಆಗಲೇ ಅಲ್ಲಿ ಶುರುವಾಗಲಿಲ್ಲ.

ಅರಳಿಕಟ್ಟೆ, ಚಿಕಾಗೊ

ಇಷ್ಟೆಲ್ಲ ತಲೆನೋವು ಏಕಮ್ಮ? ಅಮೆರಿಕದ ಪೌರತ್ವ ಇರುವ ಒಳ್ಳೆಯ ಹುಡುಗಿಯನ್ನು ನೋಡಿ ಮದುವೆ ಮಾಡಿ. ನಮ್ಮ ಪರಿಚಯದವರಲ್ಲಿಯೇ ಇಬ್ಬರು ಹೆಣ್ಣುಮಕ್ಕಳಿದ್ದಾರೆ.

ಮಲ್ಲಿಗೆ ಬಳ್ಳಿ, ನ್ಯೂಜೆರ್ಸಿ

ಅರಳಿಕಟ್ಟೆ ಸರ್, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಕಾನೂನಿನ ಮಟ್ಟಿಗೆ ಅದರಲ್ಲಿ ಸತ್ಯವಿದೆ. ಇಬ್ಬರೂ ಮಕ್ಕಳು ವಿಮಾನ ನಿಲ್ದಾಣದಲ್ಲಿ ಅಧಿಕಾರಿಯ ಮುಂದೆ ನಿಂತು, ವೀಸಾ ತೋರಿಸಿ ಒಳಗೆ ಬಂದವರು. ಅಂಥವರು ಪೌರರನ್ನು ಮದುವೆಯಾದರೆ, ಅವಧಿ ಮೀರಿದ್ದರೂ, ದೇಶ ಬಿಡದೆ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಬಹುದು. ಮರುಭೂಮಿ ದಾಟಿ ಬಂದವರಿಗೆ ಈ ಸೌಲಭ್ಯವಿಲ್ಲ. ಹಳೆಯ ಪಾಸ್‌ಪೋರ್ಟನ್ನೂ ಐ-94 ಎಂಬ ಪ್ರವೇಶ ದಾಖಲೆಯ ಚೀಟಿಯನ್ನೂ ಕಣ್ಣಿನಂತೆ ಕಾಪಾಡಿ ಎಂದು ನಾನು ಎಲ್ಲರಿಗೂ ಹೇಳುವುದು ಈ ಕಾರಣಕ್ಕೆ.

ಆದರೆ ಕಾಗದಕ್ಕಾಗಿ ಮಾಡಿದ ಮದುವೆ ಎಂದು ಒಮ್ಮೆ ತೀರ್ಮಾನವಾದರೆ, ಮುಂದೆ ಯಾರೇ ಅವನ ಪರವಾಗಿ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿದರೂ ಮಂಜೂರಾಗುವುದಿಲ್ಲ. ನನ್ನ ಮೇಜಿನ ಮೇಲೆ ಅಂಥ ಒಂದು ಕಡತ ಬಂದಿತ್ತು. ಹುಡುಗಿಗೆ ಇಪ್ಪತ್ತಾರು. ಮದುವೆ ಕುದುರಿಸಿದ್ದು ಹಿರಿಯರು, ಸಹಿ ಅವಳದು. ದಯವಿಟ್ಟು ಈ ಸಲಹೆಯನ್ನು ಮಕ್ಕಳ ಮುಂದೆ ಇಡಬೇಡಿ. ಅವರಾಗಿ ಯಾರನ್ನಾದರೂ ಮೆಚ್ಚಿದರೆ ಅದು ಬೇರೆ ಮಾತು.

ಇಪ್ಪತ್ತೊಂದು ದಾಟಿದವಳು, ಸಿಯಾಟಲ್

ಇಲ್ಲಿ ಬರೆಯುವುದು ಸರಿಯೋ ತಪ್ಪೋ ತಿಳಿಯದು. ನಾನು ಬಂದದ್ದು 2005ರಲ್ಲಿ, ಮೂರು ವರ್ಷದವಳು, ಅಪ್ಪನ ಎಚ್-1ಬಿಯ ಅವಲಂಬಿತಳಾಗಿ ಎಚ್-4ನಲ್ಲಿ. ಬಯಲುಸೀಮೆ ಅಂಕಲ್ ಹೇಳಿದಂತೆ ನಮ್ಮ ಮನೆಯಲ್ಲಿಯೂ ಒಂದು ದಿನವೂ ನಿಯಮ ಮೀರಲಿಲ್ಲ. ಅಪ್ಪನ ಸರದಿ ಬರುವ ಮೊದಲೇ ನನಗೆ ಇಪ್ಪತ್ತೊಂದು ತುಂಬಿತು, ಅವರ ಅರ್ಜಿಯಿಂದ ನಾನು ಕಳಚಿಬಿದ್ದೆ. ಡಾಕಾ ಕೇಳೋಣವೆಂದರೆ 2012ರ ಜೂನ್ 15ರಂದು ಕಾಗದ ಇಲ್ಲದವರಾಗಿರಬೇಕಿತ್ತು. ನನ್ನ ಬಳಿ ಕಾಗದ ಇತ್ತು, ಆದ್ದರಿಂದ ಅರ್ಹಳಲ್ಲ. ವಿದ್ಯಾರ್ಥಿ ವೀಸಾಕ್ಕೆ ಬದಲಾಗಿ, ಕಂಪ್ಯೂಟರ್ ವಿಜ್ಞಾನ ಓದಿ, ಈಗ ಒಪಿಟಿಯಲ್ಲಿದ್ದೇನೆ, ಅಂದರೆ ಓದು ಮುಗಿದ ಮೇಲೆ ಸ್ವಲ್ಪ ಕಾಲ ಕೆಲಸ ಮಾಡಲು ವಿದ್ಯಾರ್ಥಿಗಳಿಗೆ ಸಿಗುವ ಅನುಮತಿಯಲ್ಲಿ. ಎರಡು ಸಲ ಲಾಟರಿಯಲ್ಲಿ ಹೆಸರು ಬಂದಿಲ್ಲ. ವಿಜ್ಞಾನ, ತಂತ್ರಜ್ಞಾನ ಓದಿದವರಿಗೆ 12 ತಿಂಗಳ ಮೇಲೆ ಸಿಗುವ 24 ತಿಂಗಳೂ ಮುಗಿದರೆ ನಾನು ಹೊರಡಬೇಕು. ನನ್ನ ತಮ್ಮ ಇಲ್ಲಿ ಹುಟ್ಟಿದವನು, ಅವನು ಪೌರ.

ಕಾಗದ ಇದ್ದ ನಮ್ಮಂಥವರಿಗಾಗಿಯೇ 2021ರಿಂದ ಸಂಸತ್ತಿನಲ್ಲಿ ಒಂದು ಮಸೂದೆ ಬರುತ್ತಿದೆ, ಇನ್ನೂ ಅಂಗೀಕಾರವಾಗಿಲ್ಲ. ಬಾಲ್ಯದಲ್ಲಿ ಬಂದ ಕಾಗದವಿಲ್ಲದ ಮಕ್ಕಳಿಗೆ ಕಾಯಂ ವಾಸದ ದಾರಿ ಕೊಡುವ ಡ್ರೀಮ್ ಆ್ಯಕ್ಟ್ ಮಸೂದೆ ಮೊದಲು ಮಂಡನೆಯಾದದ್ದು 2001ರಲ್ಲಿ, ನಾನು ಹುಟ್ಟುವ ಮೊದಲು.

ಹೇಮಾವತಿ ಆಂಟಿ, ನಿಮ್ಮ ಮನೆಯ ಆ ಹುಡುಗಿಗೆ ನನ್ನ ವಯಸ್ಸೇ ಇರಬೇಕು. ಅವಳಿಗೆ ಇಷ್ಟವಿದ್ದರೆ ನನ್ನ ಜೊತೆ ಮಾತನಾಡಲು ಹೇಳಿ. ಪರಿಹಾರ ನನ್ನ ಬಳಿಯೂ ಇಲ್ಲ, ಆದರೆ ರಾತ್ರಿ ಎರಡು ಗಂಟೆಗೆ ನಿದ್ದೆ ಬಾರದಿದ್ದಾಗ ಫೋನ್ ಎತ್ತುತ್ತೇನೆ.

ಬಯಲುಸೀಮೆ, ಅಟ್ಲಾಂಟಾ

ಮಗಳೇ, ನನ್ನ ಮಗಳಿಗೆ ಈಗ ಹದಿನೆಂಟು. ನಿನ್ನ ಬರಹವನ್ನು ಎರಡು ಸಲ ಓದಿದೆ. ನಾನು ಮೇಲೆ ಬರೆದದ್ದನ್ನು ಅಳಿಸುವುದಿಲ್ಲ, ಅದು ನನ್ನ ಅನುಭವ. ಆದರೆ ಈ ಮಕ್ಕಳನ್ನು ನನ್ನ ಎದುರಿನ ಸಾಲಿನಲ್ಲಿ ನಿಲ್ಲಿಸಿ ನೋಡಿದ್ದು ತಪ್ಪು.

ಹೇಮಾವತಿ ತೀರ, ಡಲ್ಲಾಸ್

ಮಲ್ಲಿಗೆ ಬಳ್ಳಿಯವರೇ, ಹುಡುಗಿಯ ಲೆಕ್ಕ ಹೇಳುತ್ತೇನೆ ಎಂದಿದ್ದಿರಿ. ಅವಳು ನನ್ನ ಪಕ್ಕದಲ್ಲಿಯೇ ಕುಳಿತು ಓದುತ್ತಿದ್ದಾಳೆ. ಬೆಂಗಳೂರಿಗೆ ಹೋದರೆ ದೊಡ್ಡ ಲೆಕ್ಕಪತ್ರ ಸಂಸ್ಥೆಗಳಲ್ಲಿ ಕೆಲಸ ಸಿಗುವುದಿಲ್ಲವೇ ಎಂದು ನಮ್ಮ ಮನೆಯಲ್ಲಿಯೇ ಕೆಲವರು ಕೇಳುತ್ತಿದ್ದಾರೆ.

ಮಲ್ಲಿಗೆ ಬಳ್ಳಿ, ನ್ಯೂಜೆರ್ಸಿ

ಅವಳಿಗೆ ಹದಿನೆಂಟು ತುಂಬಿದ್ದು 2020ರಲ್ಲಿ. ಅಂದಿನಿಂದ ಎಣಿಸಿದರೆ ಐದು ವರ್ಷ ದಾಟಿದೆ. ಇಂದು ವಿಮಾನ ಹತ್ತಿದರೆ ಹತ್ತು ವರ್ಷದ ನಿಷೇಧ. ಅದನ್ನು ಮುಚ್ಚಿಟ್ಟು ಹೇಳುವುದು ಅವಳಿಗೆ ಮಾಡುವ ಅನ್ಯಾಯ, ಹಾಗಾಗಿ ನೇರವಾಗಿ ಹೇಳುತ್ತಿದ್ದೇನೆ.

ಡಿ-3 ವಿನಾಯಿತಿ ನಿಜವಾಗಿ ಬೇಕಾಗಿರುವುದು ಅವಳಂಥವರಿಗೆ. 2024ರ ಮಾರ್ಗಸೂಚಿ ಡಾಕಾ ಇದ್ದವರಿಗೆ ಮಾತ್ರ ಎಂದು ಹೇಳಲಿಲ್ಲ, ಇಲ್ಲಿ ಓದಿದ ಬೇರೆಯವರನ್ನೂ ಸೇರಿಸಿಕೊಂಡಿತ್ತು. 1978ರ ಹಳೆಯ ತೀರ್ಪೊಂದರ ಪ್ರಕಾರ ಅಧಿಕಾರಿಗಳು ಮೂರು ವಿಷಯ ತೂಗುತ್ತಾರೆ: ಇವರನ್ನು ಒಳಗೆ ಬಿಟ್ಟರೆ ಸಮಾಜಕ್ಕೆ ಅಪಾಯವಿದೆಯೇ, ಹಿಂದಿನ ತಪ್ಪು ಎಷ್ಟು ಗಂಭೀರ, ಬರಲು ಕಾರಣವೇನು. ಎಂಟು ವರ್ಷಕ್ಕೆ ಕರೆತಂದ ಮಗು, ಪೊಲೀಸ್ ದಾಖಲೆ ಇಲ್ಲ, ಪದವಿ ಇದೆ. ಕಾಗದದ ಮೇಲೆ ಅವಳ ವಿಷಯ ಗಟ್ಟಿಯಾಗಿಯೇ ಇದೆ. ಆದರೆ ಕೆಲಸ ಕೊಡುವವರು ಸಿಗಬೇಕು, ಲಾಟರಿಯಲ್ಲಿ ಹೆಸರು ಬರಬೇಕು, 1 ಲಕ್ಷ ಡಾಲರ್ ಕಟ್ಟುವವರು ಬೇಕು, ಆಮೇಲೆ ಚೆನ್ನೈಯಲ್ಲಿ ಅಧಿಕಾರಿಯ ಮನಸ್ಸು ಒಲಿಯಬೇಕು. ಡಾಕಾ ಇದ್ದವರಿಗೆ ಅಡ್ವಾನ್ಸ್ ಪೆರೋಲ್ ಎಂಬ ಮರಳುವ ಅನುಮತಿಯನ್ನು ಮೊದಲೇ ಪಡೆದು ಹೊರಡುವ ಅವಕಾಶವಿದೆ, ವೀಸಾ ಸಿಗದಿದ್ದರೂ ಅದು ಕೈಯಲ್ಲಿರುತ್ತದೆ. ಅವಳಿಗೆ ಅದೂ ಇಲ್ಲ. ಈ ವರ್ಷ ಅವಳು ಹೊರಡಬಾರದು ಎಂಬುದು ನನ್ನ ಅಭಿಪ್ರಾಯ.

ಬೆಂಗಳೂರಿನ ಮಾತು ಬಂದದ್ದರಿಂದ ಹೇಳುತ್ತೇನೆ. ಅದು ಕೀಳು ಆಯ್ಕೆಯೇನೂ ಅಲ್ಲ. ಕೆಲವರು ಹೋಗಿದ್ದಾರೆ, ಚೆನ್ನಾಗಿದ್ದಾರೆ. ಆದರೆ ಅವಳಿಗೆ ಕನ್ನಡ ಓದಲು ಬರುತ್ತದೆಯೇ? ಅಲ್ಲಿ ಅವಳಿಗೆ ಯಾರಿದ್ದಾರೆ? ಹತ್ತು ವರ್ಷ ಅಪ್ಪ ಅಮ್ಮನನ್ನು ನೋಡಲು ಬರಲಾಗದೆ ಹೋಗಬಹುದು, ಅವರೂ ಅಲ್ಲಿಗೆ ಹೋಗಿ ಬರಲಾರರು. ಇದನ್ನೆಲ್ಲ ತಿಳಿದು ಅವಳೇ ನಿರ್ಧರಿಸಬೇಕು. ಮನೆಯ ಹಿರಿಯರು ಒಮ್ಮೆ ಅವಳ ಪರವಾಗಿ ನಿರ್ಧರಿಸಿ ಆಗಿದೆ.

ಇಬ್ಬರನ್ನೂ ವಲಸೆ ಕಾನೂನಿನ ವಕೀಲರ ಬಳಿ ಕರೆದೊಯ್ಯಿರಿ, ನೋಟರಿ ಎಂದು ಫಲಕ ಹಾಕಿಕೊಂಡವರ ಬಳಿ ಅಲ್ಲ. ಕಾರ್ನೆಲ್ ಕಾನೂನು ಶಾಲೆಯ ಪಾತ್‌ಟುಪೇಪರ್ಸ್ ಯೋಜನೆಯವರು ಇಂಥ ಮಕ್ಕಳಿಗಾಗಿಯೇ ಕೆಲಸ ಮಾಡುತ್ತಾರೆ, ಅವರ ಬರಹಗಳನ್ನೂ ಓದಿಸಿ.

ಹೇಮಾವತಿ ತೀರ, ಡಲ್ಲಾಸ್

ಎರಡು ವಾರದ ನಂತರ ಬರೆಯುತ್ತಿದ್ದೇನೆ, ಕ್ಷಮಿಸಿ. ಊಟದ ಮೇಜಿನ ಮೇಲೆ ಐದು ಅನುಮೋದನೆ ಪತ್ರಗಳನ್ನು ಹರಡಿಕೊಂಡು ಹುಡುಗನೂ ನಾನೂ ದಿನಾಂಕ ಬರೆದೆವು. ಒಂದು ಬಿರುಕು ಸಿಕ್ಕಿತು, 2021ರಲ್ಲಿ, 41 ದಿನ. ನನ್ನ ಎದೆ ಧಸಕ್ಕೆಂದಿತು. ವಕೀಲರು ಕಡತ ನೋಡಿ, 41 ದಿನ 180ಕ್ಕಿಂತ ಬಹಳ ಕಡಿಮೆ, ನಿಷೇಧ ಅವನಿಗೆ ತಗಲುವುದಿಲ್ಲ ಎಂದರು. ಶುಲ್ಕದ ಆದೇಶ 2026ರ ಸೆಪ್ಟೆಂಬರ್‌ನಲ್ಲಿ ಏನಾಗುತ್ತದೆ ಎಂದು ನೋಡಿ ಮುಂದುವರಿಯೋಣ, ಅಲ್ಲಿಯವರೆಗೆ ಡಾಕಾ ನವೀಕರಣವನ್ನು ಒಂದು ದಿನವೂ ತಡ ಮಾಡಬೇಡಿ ಎಂದಿದ್ದಾರೆ. ಅವನ ಸಂಸ್ಥೆಯ ಯಜಮಾನರು ಮಾರ್ಚ್‌ನ ಲಾಟರಿಗೆ ಹೆಸರು ನೋಂದಾಯಿಸುವ ಬಗ್ಗೆ ಯೋಚಿಸುತ್ತೇನೆ ಎಂದಿದ್ದಾರೆ.

ಹುಡುಗಿ ಸಿಯಾಟಲ್‌ಗೆ ಫೋನ್ ಮಾಡಿದಳು. ಏನು ಮಾತಾಡಿದರೋ ನಾನು ಕೇಳಲಿಲ್ಲ.

ಇನ್ನೊಂದು ಸಂಗತಿ. ಅರಕಲಗೂಡಿನಲ್ಲಿ ನಮ್ಮ ಅಮ್ಮನಿಗೆ ಎಂಬತ್ತನಾಲ್ಕು, ಪಾರ್ಶ್ವವಾಯು ಆಗಿದೆ. ಮೊಮ್ಮಗನನ್ನು ಆರು ವರ್ಷದವನಿದ್ದಾಗ ನೋಡಿದ್ದು. ಅಜ್ಜಿಯನ್ನು ನೋಡಲು ಅಡ್ವಾನ್ಸ್ ಪೆರೋಲ್ ಕೇಳಬಹುದೇ?

ಮಲ್ಲಿಗೆ ಬಳ್ಳಿ, ನ್ಯೂಜೆರ್ಸಿ

ಕೇಳಬಹುದು. ಮಾನವೀಯ ಕಾರಣ, ಓದು, ಉದ್ಯೋಗ, ಈ ಮೂರಕ್ಕೆ ಡಾಕಾದವರು ಕೇಳಬಹುದು, ಅಜ್ಜಿಯ ಕಾಯಿಲೆ ಮೊದಲನೆಯದರಲ್ಲಿ ಬರುತ್ತದೆ. ಅನುಮತಿ ಕೈಗೆ ಬರುವವರೆಗೆ ಟಿಕೆಟ್ ಕಾಯ್ದಿರಿಸಬೇಡಿ. ಅನುಮತಿ ಇದ್ದರೂ ಮರಳುವಾಗ ವಿಮಾನ ನಿಲ್ದಾಣದ ಅಧಿಕಾರಿಯೇ ಕೊನೆಯ ಮಾತು ಹೇಳುವವರು, ಈಗಿನ ಕಾಲದಲ್ಲಿ ಆ ಅಪಾಯವನ್ನು ವಕೀಲರ ಜೊತೆ ಕುಳಿತು ತೂಗಿ ನೋಡಿ. ಅಜ್ಜಿಯ ವೈದ್ಯರಿಂದ ಪತ್ರ ತರಿಸಿ.

ಹೇಮಾವತಿ ತೀರ, ಡಲ್ಲಾಸ್

ಪತ್ರ ಬಂದಿದೆ. ತಾಲ್ಲೂಕು ಆಸ್ಪತ್ರೆಯ ವೈದ್ಯರು ಕನ್ನಡದಲ್ಲಿ ಬರೆದುಕೊಟ್ಟಿದ್ದಾರೆ, ಎರಡು ಪುಟ. ಇಂಗ್ಲಿಷ್ ಅನುವಾದ ಬೇಕಲ್ಲವೇ? ಅದಕ್ಕೆ ಸರ್ಕಾರಿ ಅನುವಾದಕರೇ ಆಗಬೇಕೇ?

ಬಯಲುಸೀಮೆ, ಅಟ್ಲಾಂಟಾ

ಬೇಕಿಲ್ಲ. ಎರಡೂ ಭಾಷೆ ಬಲ್ಲವರು ಪೂರ್ತಿ ಅನುವಾದ ಮಾಡಿ, ಇದು ಪೂರ್ಣವಾಗಿ ನಿಖರವಾಗಿದೆ, ಅನುವಾದ ಮಾಡುವಷ್ಟು ಎರಡೂ ಭಾಷೆ ತಮಗೆ ಬರುತ್ತದೆ ಎಂದು ಬರೆದು ಸಹಿ ಹಾಕಿದರೆ ಸಾಕು. ನನ್ನ ಅರ್ಜಿಗಳಿಗೆ ಊರಿನ ದಾಖಲೆಗಳನ್ನು ಎಷ್ಟೋ ಸಲ ಹೀಗೆ ಮಾಡಿಸಿದ್ದೇನೆ. ಪತ್ರ ಕಳುಹಿಸಿ, ಹೆಸರು ಗುಟ್ಟಾಗಿರುತ್ತದೆ. ಈ ಶನಿವಾರ ನಾನೇ ಮಾಡಿಕೊಡುತ್ತೇನೆ.